ಹುಂಜಕ್ಕೆ ಹತ್ತು ನಿಮಿಷ

ಫೆಬ್ರವರಿ 4

ಅಪ್ಪಾ,

ಫೋನ್ ಮಾಡಿದರೆ ಇಬ್ಬರಲ್ಲಿ ಒಬ್ಬರು ಅರ್ಧಕ್ಕೇ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಬೇಕಾದರೆ ಹರಿದು ಹಾಕು, ಆದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಇನ್‌ಚಾರ್ಜ್ ಸಿಸ್ಟರ್ ಹುದ್ದೆ ನನಗೆ ಸಿಗಲಿಲ್ಲ. ಕೈಗೆ ಬಂದದ್ದನ್ನು ಕಿತ್ತುಕೊಂಡರು ಅಂದರೆ ಸರಿಯಾದೀತು. ರೇಡಿಯೇಷನ್ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಕ್ಯಾನ್ಸರ್ ರೋಗಿಗಳ ಜೊತೆ ಇರುವವಳು ನಾನು. ಹಳೆಯ ಇನ್‌ಚಾರ್ಜ್ ನಿವೃತ್ತರಾದ ದಿನ ಬೀಗದ ಕೈಗೊಂಚಲನ್ನು ನನ್ನ ಕೈಗೇ ಹಾಕಿ ಹೋದರು. ಸಂದರ್ಶನ ಬರೀ ಶಾಸ್ತ್ರಕ್ಕೆ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಜೂನಿಯರ್ ಹುಡುಗಿಯಂತೂ ಹಿಂದಿನ ದಿನವೇ ಕೈ ಕುಲುಕಿ, "ಇನ್ಮೇಲೆ ನಿಮ್ಮನ್ನ ಅಕ್ಕ ಅನ್ನಬೇಕೋ ಮೇಡಂ ಅನ್ನಬೇಕೋ?" ಎಂದು ಕೀಟಲೆ ಮಾಡಿದ್ದಳು.

ಮೇಜಿನ ಆಚೆ ಡೈರೆಕ್ಟರು, ಪಕ್ಕದಲ್ಲಿ ಮೇಟ್ರನ್. ನಾನು ಕೂತು ಕೈಗಳನ್ನು ಮೇಜಿನ ಮೇಲಿಟ್ಟೆ. ಡೈರೆಕ್ಟರ ಕಣ್ಣು ನನ್ನ ಮುಖದಿಂದ ಜಾರಿ ಎಡಗೈಗೆ ಬಂದು ಅಲ್ಲೇ ಠಿಕಾಣಿ ಹೂಡಿತು.

"ಇದೇನಮ್ಮಾ ಇದು?"

"ಹುಂಜ ಸರ್."

"ಹುಂಜ ಅಂತ ಕಾಣಿಸ್ತಾ ಇದೆ. ಯಾಕಿದೆ ಅಂತ ಕೇಳ್ತಿದೀನಿ."

ಯಾಕಿದೆ! ಚಿಕ್ಕಂದಿನಲ್ಲಿ ಬೆಳಕಾಗುವ ಮೊದಲೇ ಎದ್ದು ಮನೆಯವರ ನಿದ್ದೆ ಕೆಡಿಸುತ್ತಿದ್ದೆ, ಅದಕ್ಕೇ ಅಪ್ಪ ನನ್ನನ್ನು ಹುಂಜ ಎಂದು ಕರೆಯುತ್ತಾನೆ, ಅಪ್ಪನ ಕಸುಬೇ ಹಚ್ಚೆ ಹಾಕುವುದು, ನರ್ಸಿಂಗ್ ಪಾಸಾದಾಗ ಹಟ ಹಿಡಿದು ಹಾಕಿಸಿಕೊಂಡೆ ಎಂದು ಅವರ ಮುಂದೆ ಪುರಾಣ ಬಿಚ್ಚಲೇ? "ನಮ್ಮ ತಂದೆ ಹಾಕಿದ್ದು ಸರ್" ಎಂದೆ. ಮೇಟ್ರನ್ ತುಟಿ ಬಿಗಿಹಿಡಿದು ನಗು ನುಂಗಿದರು. ಆ ನಗು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಮೊದಲು ನಮ್ಮ ಯೂನಿಫಾರ್ಮಿಗೆ ಉದ್ದ ತೋಳಿತ್ತು, ನಿನಗೆ ಗೊತ್ತು. ಹೋದ ವರ್ಷ ಸೋಂಕು ತಡೆಯುವ ಹೊಸ ನಿಯಮ ಬಂತು. ಮೊಣಕೈಯಿಂದ ಕೆಳಗೆ ಬಟ್ಟೆ, ಬಳೆ, ಗಡಿಯಾರ ಏನೂ ಇರಬಾರದು, ಮೊಣಕೈವರೆಗೂ ತೊಳೆಯಬೇಕು. ಒಳ್ಳೆಯ ನಿಯಮವೇ. ತೋಳು ಗಿಡ್ಡ ಮಾಡಿಸಿದವರು ಅವರೇ, ಈಗ ಕೈ ಕಾಣುತ್ತದೆ ಎಂದು ಮುಖ ಸಿಂಡರಿಸುವವರೂ ಅವರೇ. ಒಂದು ವರ್ಷದಿಂದ ರೋಗಿಗಳೆಲ್ಲ ನನ್ನನ್ನು "ಹುಂಜದ ಸಿಸ್ಟರ್" ಎಂದೇ ಹುಡುಕಿಕೊಂಡು ಬರುತ್ತಿದ್ದಾರೆ. ಒಬ್ಬರೂ ಓಡಿಹೋಗಿಲ್ಲ.

ತೀರ್ಪು ಇಷ್ಟು. ಮೂರು ತಿಂಗಳ ಗಡುವು. ಹಚ್ಚೆ ತೆಗೆಸಲು ಶುರು ಮಾಡಿದರೆ ಹುದ್ದೆ ನನ್ನದು. ಇಲ್ಲವಾದರೆ ರೋಗಿಗಳ ಕಣ್ಣಿಗೆ ಬೀಳದ ಜಾಗಕ್ಕೆ, ಅಂದರೆ ಬಟ್ಟೆಬರೆ ಇಡುವ ಸ್ಟೋರಿಗೆ. "ನೋಡಿದವರಿಗೆ ನಂಬಿಕೆ ಬರಬೇಕಲ್ಲಮ್ಮಾ, ಇದು ಆಸ್ಪತ್ರೆ, ಸರ್ಕಸ್ ಅಲ್ಲ" ಎಂದರು ಡೈರೆಕ್ಟರು.

ನಾನು ಕೇಳುವುದು ಒಂದೇ. ಹಾಕಿದವನು ನೀನು. ಲೇಸರಿನಲ್ಲಿ ಯಾವ ಬಣ್ಣ ಹೋಗುತ್ತದೆ, ಯಾವುದು ಹೋಗುವುದಿಲ್ಲ? ಉಪದೇಶ ಬೇಡ, ಉತ್ತರ ಬರೆ. ಒಂದು ಹೂವೋ ಬಳ್ಳಿಯೋ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮಣಿಕಟ್ಟಿನಿಂದ ಮೊಣಕೈವರೆಗೆ ಹುಂಜ!

ಇಂತಿ,
ನಿನ್ನ ಮಗಳು


ಫೆಬ್ರವರಿ 12

ಹುಂಜಕ್ಕೆ,

ಆಶೀರ್ವಾದ. ಸಿಟ್ಟಿನಲ್ಲಿ ಮಾಡಿದರೂ ಆಶೀರ್ವಾದವೇ, ತಗೋ.

ನಿನ್ನ ಕಾಗದ ಓದುತ್ತಾ ಮೊದಲು ಆಸ್ಪತ್ರೆಯವರ ಮೇಲೆ ಸಿಟ್ಟು ಬಂತು. ಕೊನೆಗೆ ಬರುವಷ್ಟರಲ್ಲಿ ನಿನ್ನ ಮೇಲೆ ಬಂತು. ನನ್ನ ಕೈಯ ಕೆಲಸವನ್ನು ಅಳಿಸುವುದು ಹೇಗೆ ಎಂದು ನನ್ನನ್ನೇ ಕೇಳುತ್ತೀಯಲ್ಲ! ಅಡುಗೆ ಮಾಡಿದವಳನ್ನೇ ಕರೆದು, ಇದನ್ನು ಎಲ್ಲಿ ಸುರಿಯಲಿ ಎಂದು ಕೇಳಿದ ಹಾಗಾಯಿತು.

ಹೂವು ಹಾಕಬಹುದಿತ್ತಂತೆ. ಹೂವಿನ ಪುಸ್ತಕ ನಿನ್ನ ಮುಂದೆ ಬಿಚ್ಚಿಟ್ಟವನು ನಾನು. "ಹೂವು ಊರವರ ಕೈಯಲ್ಲೆಲ್ಲ ಇದೆ, ನನಗೆ ನನ್ನ ಹೆಸರೇ ಬೇಕು" ಎಂದು ಕಾಲು ಅಪ್ಪಳಿಸಿದವಳು ನೀನು. ಆ ಬಾಲದ ಒಂದೊಂದು ಗರಿಗೂ ನನ್ನ ಬೆನ್ನು ಬಗ್ಗಿದೆ. ನಿಮ್ಮಮ್ಮ ತಟ್ಟೆ ತಂದಿಟ್ಟು ಕರೆದು ಕರೆದು ಸೋತಳು. ಇವತ್ತಿಗೂ ಗಿರಾಕಿಗಳಿಗೆ ಗೋಡೆಯ ಮೇಲಿನ ಅದರ ಫೋಟೋ ತೋರಿಸಿಯೇ ನಾನು ಕೆಲಸ ಹಿಡಿಯುವುದು.

ನನ್ನ ಅಂಗಡಿಗೆ ಬರುವ ಮರ್ಯಾದಸ್ಥರ ಕಥೆ ಹೇಳುತ್ತೇನೆ ಕೇಳು. ಮೊನ್ನೆ ಬ್ಯಾಂಕಿನವನೊಬ್ಬ ಬಂದು ವಾಚಿನ ಪಟ್ಟಿಯ ಅಡಿಗೆ ಸರಿಯಾಗಿ ಅಳೆದು ಹಾಕಿಸಿಕೊಂಡ. ಒಬ್ಬ ಮೇಷ್ಟ್ರು ಬಂದು ಭುಜದ ಹಿಂದೆ ಹಾಕಿಸಿಕೊಂಡರು. "ಕಾಣಿಸಬಾರದು ಮಾಸ್ಟರೇ, ಒಂಚೂರೂ ಕಾಣಿಸಬಾರದು." ಕಾಣಿಸಬಾರದ್ದನ್ನು ಯಾಕಯ್ಯಾ ಚುಚ್ಚಿಸ್ಕೋತೀಯ, ಸುಮ್ನೆ ಮನೆಗೆ ಹೋಗು ಅನ್ನಬೇಕು ಅನಿಸುತ್ತದೆ. ಈ ಊರಿನ ಅರ್ಧ ಜನರ ಮೈಮೇಲೆ ನನ್ನ ಕೈಬರಹ ಇದೆ, ಎಲ್ಲ ಅಂಗಿಯ ಒಳಗೆ. ರಾಜಾರೋಷವಾಗಿ ಹೊರಗೆ ಓಡಾಡುವುದು ನಿನ್ನ ಹುಂಜ ಒಂದೇ. ಅದರ ಕುತ್ತಿಗೆಗೂ ಕತ್ತಿ ಹಿಡಿದರು.

ಉತ್ತರ ಕೇಳಿದೆಯಲ್ಲ, ಕೊಡುತ್ತೇನೆ. ಕಪ್ಪು ಗೆರೆ ಮೊದಲು ಹೋಗುತ್ತದೆ. ಜುಟ್ಟಿನ ಕೆಂಪೂ ಹೋದೀತು. ಬಾಲದ ಹಸಿರು ಮಾತ್ರ ಮೊಂಡು, ಎಷ್ಟು ಸಲ ಸುಟ್ಟರೂ ಪಾಚಿ ಹಿಡಿದ ಹಾಗೆ ಉಳಿಯುತ್ತದೆ. ಅಂದರೆ ಹುಂಜ ಹೋಗಿ ಬಾಲ ಉಳಿಯುತ್ತದೆ. ಬರೀ ಬಾಲ ಇದ್ದರೆ ರೋಗಿಗಳಿಗೆ ನಂಬಿಕೆ ಬರುತ್ತದೆಯೇ ಎಂದು ನಿಮ್ಮ ಡೈರೆಕ್ಟರನ್ನು ಕೇಳಿ ನೋಡು.

ನಾನೇ ಬಂದು ಆ ಮನುಷ್ಯನ ಜೊತೆ ಮಾತಾಡುತ್ತೇನೆ.

ನಿನ್ನ ಅಪ್ಪ

ನಿಮ್ಮಮ್ಮ ಇದನ್ನು ಬರೆ ಎಂದಳು: ಇಬ್ಬರಿಗೂ ಒಂದೇ ಮೂಗು, ಸಿಟ್ಟು ಅದರ ತುದಿಯಲ್ಲೇ ಇರುತ್ತದೆ, ಯಾರಾದರೂ ಒಬ್ಬರು ಒರೆಸಿಕೊಳ್ಳಿ.


ಮಾರ್ಚ್ 2

ಅಪ್ಪಾ,

ಬರಬೇಡ. ಕೈಮುಗಿದು ಹೇಳುತ್ತಿದ್ದೇನೆ, ಬರಬೇಡ. ನೀನು ಮಾತಾಡುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಕಾರ್ಪೊರೇಷನ್ ಕಚೇರಿಯಲ್ಲಿ ನೀನು ಮಾತಾಡಿದ ಮೇಲೆ ನಮ್ಮ ಬೀದಿಗೆ ಎಷ್ಟು ದಿನ ನೀರು ಬರಲಿಲ್ಲ ಎಂದು ಅಮ್ಮನನ್ನು ಕೇಳು.

ಇಲ್ಲಿಯ ತಮಾಷೆ ಕೇಳು. ಮೈಬಣ್ಣದ ಒಂದು ತೋಳುಚೀಲ ತಂದುಕೊಂಡೆ, ಮಣಿಕಟ್ಟಿನಿಂದ ಮೊಣಕೈವರೆಗೆ ಎಳೆದುಕೊಳ್ಳುವಂಥದ್ದು. ಮೇಟ್ರನ್ ನೋಡಿ, "ಈಗ ನೋಡು, ಎಷ್ಟು ಡೀಸೆಂಟಾಗಿ ಕಾಣ್ತೀಯ" ಎಂದು ಬೆನ್ನು ತಟ್ಟಿದರು. ಕಾರಿಡಾರ್ ದಾಟುವಷ್ಟರಲ್ಲಿ ಸೋಂಕು ನಿಯಂತ್ರಣದ ಸಿಸ್ಟರ್ ಎದುರಾಗಿ, "ಮೊಣಕೈ ಕೆಳಗೆ ಬಟ್ಟೆ! ನೀನೇ ಹೀಗೆ ಮಾಡಿದ್ರೆ ಹೇಗೆ? ತೆಗಿ" ಎಂದು ಅಲ್ಲೇ ತೆಗೆಸಿದರು. ತೆಗೆದೆ. ಊಟದ ಹೊತ್ತಿಗೆ ಮೇಟ್ರನ್, "ಮತ್ತೆ ಯಾಕೆ ತೆಗೆದೆ?" ಹಾಕಿದೆ. ಸಂಜೆ ಮತ್ತೆ ಆ ಸಿಸ್ಟರ್. ಒಂದು ಕೈಗೆ ಇಬ್ಬರು ಯಜಮಾನರು, ಅಪ್ಪಾ! ಚೀಲವನ್ನು ಕಸದ ಡಬ್ಬಿಗೆ ಎಸೆದುಬಿಟ್ಟೆ.

ಇನ್ನೊಂದು ವಿಷಯ. ನಾವೂ ಇಲ್ಲಿ ಹಚ್ಚೆ ಹಾಕುತ್ತೇವೆ, ನಿನಗೆ ಹೇಳಿರಲಿಲ್ಲ ಅಲ್ಲವೇ? ರೇಡಿಯೇಷನ್ ಶುರು ಮಾಡುವ ಮೊದಲು ಪ್ರತಿ ರೋಗಿಯ ಮೈಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕಿಗಳನ್ನು ಸೂಜಿಯಿಂದ ಚುಚ್ಚುತ್ತಾರೆ. ದಿನಾ ಅದೇ ಗುರುತು ನೋಡಿ ಯಂತ್ರ ಹೊಂದಿಸುತ್ತಾರೆ. ಸ್ನಾನ ಮಾಡಿದರೂ ಹೋಗಬಾರದಲ್ಲ, ಅದಕ್ಕೆ ಹಚ್ಚೆ. ಮೊನ್ನೆ ಒಬ್ಬ ಟೈಲರಮ್ಮ ಬಂದರು. ಬಸ್ ನಿಲ್ದಾಣದ ಎದುರು ಶಾಲಾ ಯೂನಿಫಾರ್ಮ್ ಹೊಲಿಯುವವರು, ಅಮ್ಮನಿಗಿಂತ ಸ್ವಲ್ಪ ಚಿಕ್ಕವರು. ಕೊರಳ ಕೆಳಗಿನ ಗುಳಿಯಲ್ಲಿ ಚುಕ್ಕಿ ಹಾಕುವಾಗ ಗಳಗಳ ಅತ್ತುಬಿಟ್ಟರು. "ಜೀವಮಾನದಲ್ಲಿ ಮೈಮೇಲೆ ಒಂದು ಗುರುತು ಮಾಡಿಸ್ಕೊಂಡವಳಲ್ಲ ನಾನು, ಈಗ ನೋಡು ರೋಗದ ಮುದ್ರೆ ಬಿತ್ತು." ನಾನು ಕೈ ಚಾಚಿ ತೋರಿಸಿದೆ. "ನಿಮ್ಮದು ಒಂದು ಚುಕ್ಕಿ, ನಂದು ಒಂದು ಇಡೀ ಕೋಳಿಗೂಡು." ಅಳುತ್ತಿದ್ದವರು ನಕ್ಕುಬಿಟ್ಟರು. ಹುಂಜದ ಜುಟ್ಟು ಮುಟ್ಟಿ ನೋಡಿ, "ನೋಯ್ತಾ?" ಎಂದು ಕೇಳಿದರು.

ಬಾಗಿಲಲ್ಲಿ ಮೇಟ್ರನ್ ನಿಂತಿದ್ದರು. ಆಮೇಲೆ ಪಕ್ಕಕ್ಕೆ ಕರೆದು, "ರೋಗಿಗಳ ಮುಂದೆ ಪ್ರದರ್ಶನ ಬೇರೆ ಶುರು ಮಾಡಿದೀಯಾ?" ಎಂದರು. ನಾವೇ ಅವರಿಗೆ ಹಚ್ಚೆ ಹಾಕುತ್ತೇವಲ್ಲ ಮೇಡಂ ಎಂದರೆ, "ಅದು ಚಿಕಿತ್ಸೆ, ಇದು ಶೋಕಿ" ಅಂತೆ. ಆ ಟೈಲರಮ್ಮ ನಕ್ಕದ್ದು ಯಾವುದರಲ್ಲಿ ಬರುತ್ತದೆ, ಚಿಕಿತ್ಸೆಯಲ್ಲೋ ಶೋಕಿಯಲ್ಲೋ ಎಂದು ಕೇಳಬೇಕಿತ್ತು.

ಲೇಸರ್ ಕ್ಲಿನಿಕ್ಕಿನಲ್ಲಿ ವಿಚಾರಿಸಿದ್ದೇನೆ. ಇನ್ನೂ ತೀರ್ಮಾನ ಮಾಡಿಲ್ಲ. ಹುದ್ದೆ ಬೇಕು ನನಗೆ, ಅಪ್ಪಾ. ಆ ವಿಭಾಗವನ್ನು ಹೇಗೆ ನಡೆಸಬೇಕು ಎಂದು ವರ್ಷಗಟ್ಟಲೆ ತಲೆಯಲ್ಲಿ ಕಟ್ಟಿಕೊಂಡಿದ್ದೇನೆ. ರೋಗಿಗಳನ್ನು ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂರಿಸಿ ಕಾಯಿಸುವುದನ್ನು ನಿಲ್ಲಿಸಬೇಕು, ಮೊದಲ ದಿನ ಪ್ರತಿಯೊಬ್ಬರ ಜೊತೆ ಒಬ್ಬ ಸಿಸ್ಟರ್ ಇರಬೇಕು. ಯೋಚಿಸಲು ಬಿಡು. ಬರಬೇಡ.

ನಿನ್ನ ಮಗಳು


ಮಾರ್ಚ್ 20

ಅಪ್ಪಾ,

ಮನೆ ತಲುಪಿದೆಯಾ? ಸಮಾಧಾನ ಆಯಿತಾ?

ನಿನಗೆ ಬರಬೇಡ ಎಂದಿದ್ದೆ. ಚುಕ್ಕಿಯ ಕಥೆ ನಿನಗೆ ಬರೆದದ್ದೇ ನನ್ನ ತಪ್ಪು. ಮಂಗಳವಾರ ನಾನು ಡ್ರೆಸಿಂಗ್ ಕೋಣೆಯಲ್ಲಿದ್ದೆ. ಜೂನಿಯರ್ ಓಡಿ ಬಂದು, "ಅಕ್ಕಾ, ನಿಮ್ಮಪ್ಪ ಹಾಲ್‌ನಲ್ಲಿ ಅಂಗಿ ತೋಳು ಮಡಚಿ ನಿಂತಿದ್ದಾರೆ" ಎಂದಾಗ ನನ್ನ ಜೀವ ಬಾಯಿಗೆ ಬಂತು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಡೈರೆಕ್ಟರ ಮೇಲೆ ಕೂಗಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ನನಗೂ ಮಾಡಬೇಕು ಅನಿಸಿದ್ದೇ. ಆದರೆ ಕಾಯುವ ಬೆಂಚಿನಲ್ಲಿ ಟೈಲರಮ್ಮನ ಪಕ್ಕ ಕೂತು, ಅವರ ಕೊರಳಿನ ಚುಕ್ಕಿ ನೋಡಿ ಏನೆಂದೆ? ಜೂನಿಯರ್ ಕಿವಿಯಾರೆ ಕೇಳಿದ್ದಾಳೆ. "ಇದೇನ್ರೀ ಇದು, ಇಂಕು ಹರಡಿದೆ, ಒಂದು ಕಡೆಗೆ ಜರುಗಿದೆ! ನನ್ನ ಹತ್ರ ಕಲಿಯೋಕೆ ಬಂದವರೂ ಹೀಗೆ ಹಾಕಲ್ಲ." ಆಮೇಲೆ ಅದನ್ನೇ ಡೈರೆಕ್ಟರ ಬಾಗಿಲಲ್ಲಿ ನಿಂತು, ಇಡೀ ಹಾಲ್‌ಗೆ ಕೇಳುವ ಹಾಗೆ: "ನೀವೂ ಹಚ್ಚೆ ಹಾಕ್ತೀರಿ, ಅದೂ ವಕ್ರವಾಗಿ!"

ಅದು ಚಿತ್ರ ಅಲ್ಲ ಅಪ್ಪಾ! ಅಂದ ಚೆಂದ ನೋಡಲು ಅಲ್ಲಿ ಹಾಕಿದ್ದಲ್ಲ. ಅಂಚು ಹರಡಿದರೆ ಏನೂ ಆಗುವುದಿಲ್ಲ, ನಡುವಿನ ಬಿಂದು ಸಿಕ್ಕರೆ ಸಾಕು. ನಿನಗೆ ಗೊತ್ತಿಲ್ಲದ ವಿಷಯದಲ್ಲಿ ಯಾಕೆ ಬಾಯಿ ಹಾಕಿದೆ? ಹಚ್ಚೆಯ ವಿಷಯದಲ್ಲಿ ಜಗತ್ತಿನಲ್ಲಿ ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲವೇ?

ಟೈಲರಮ್ಮ ಅವತ್ತೇ ಎದ್ದು ಹೋದರು. ಬುಧವಾರ ಬರಲಿಲ್ಲ, ಗುರುವಾರವೂ ಇಲ್ಲ. ಜೂನಿಯರ್ ಫೋನ್ ಮಾಡಿದರೆ, "ಗುರುತೇ ಜರುಗಿದೆಯಂತೆ, ಯಂತ್ರ ಎಲ್ಲೆಲ್ಲಿಗೋ ಸುಟ್ಟರೆ?" ಎಂದು ಇಟ್ಟುಬಿಟ್ಟರಂತೆ. ಈ ಚಿಕಿತ್ಸೆಯನ್ನು ನಡುವೆ ಬಿಡುವ ಹಾಗಿಲ್ಲ. ಬಿಟ್ಟ ಒಂದೊಂದು ದಿನವೂ ರೋಗಕ್ಕೆ ಲಾಭ. ನನ್ನ ಕೈಯ ಮೇಲಿರುವುದು ನೋಡಿ ರೋಗಿಗಳ ನಂಬಿಕೆ ಹೋಗುತ್ತದೆ ಎಂದು ಅವರು ಹೇಳಿದ್ದರು. ಅದು ಸುಳ್ಳಾಗಿತ್ತು. ನೀನು ಬಂದು ನಿಜ ಮಾಡಿದೆ.

ಗಡುವಿಗೂ ಕಾಯದೆ ಬುಧವಾರವೇ ನನ್ನನ್ನು ಸ್ಟೋರಿಗೆ ಹಾಕಿದರು. ಬೆಡ್‌ಶೀಟು, ದಿಂಬಿನ ಕವರು, ಗೌನು. ಇಲ್ಲಿ ಕಿಟಕಿ ಇಲ್ಲ. ಸಂಜೆ ಸೀದಾ ಲೇಸರ್ ಕ್ಲಿನಿಕ್ಕಿಗೆ ಹೋಗಿ ಮೊದಲ ಸಲದ್ದು ಮಾಡಿಸಿಕೊಂಡು ಬಂದೆ. ಹುದ್ದೆಯ ಆಸೆಗಲ್ಲ, ನಿನ್ನ ಮೇಲಿನ ಸಿಟ್ಟಿಗೆ. ಬಿಸಿ ಎಣ್ಣೆ ಸಿಡಿದ ಹಾಗೆ ಆಗುತ್ತಿತ್ತು. ಹುಂಜದ ಕುತ್ತಿಗೆಯಿಂದ ರೆಕ್ಕೆವರೆಗೆ ಬೆಳ್ಳಗೆ ಉಬ್ಬಿದೆ. ನೀನು ಹೇಳಿದ್ದು ಸರಿ, ಕಪ್ಪು ಮೊದಲು ಹೋಗುತ್ತದೆ.

ನನಗೆ ಸದ್ಯಕ್ಕೆ ಬರೆಯಬೇಡ.

ಸ್ಟಾಫ್ ನರ್ಸ್, ಬಟ್ಟೆ ಸ್ಟೋರು


ಏಪ್ರಿಲ್ 3

ಮಗಳೇ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ನೀನೂ ನನ್ನ ಮಾತು ಯಾವತ್ತು ಕೇಳಿದ್ದೀಯ?

ನಿನ್ನ ಕಾಗದ ಬಂದ ಮೇಲೆ ಅಂಗಡಿ ತೆರೆಯಲಿಲ್ಲ. ಸೂಜಿ ಹಿಡಿದರೆ ಸಿಟ್ಟು ಬರುತ್ತಿತ್ತು. ಡೈರೆಕ್ಟರ ಮೇಲೆ, ಮೇಟ್ರನ್ ಮೇಲೆ, ಆಮೇಲೆ ಯಾರ ಮೇಲೂ ನಿಲ್ಲದೆ ತಿರುಗಿ ನನ್ನ ಮೇಲೇ. ನಿಮ್ಮಮ್ಮ ಮಾತು ಬಿಟ್ಟಿದ್ದಳು. ಮಾತು ಬಿಟ್ಟ ನಿಮ್ಮಮ್ಮ ಇರುವ ಮನೆಯಲ್ಲಿ ಎಷ್ಟು ದಿನ ಇರಲು ಆಗುತ್ತದೆ? ಬಸ್ ಹತ್ತಿದೆ. ಆಸ್ಪತ್ರೆಗಲ್ಲ, ಹೆದರಬೇಡ. ಬೆಂಚಿನಲ್ಲಿ ಕೂತಾಗ ಟೈಲರಮ್ಮನೇ ಹೇಳಿದ್ದರು, ಬಸ್ ನಿಲ್ದಾಣದ ಎದುರೇ ಅಂಗಡಿ ಎಂದು.

ಟೈಲರಮ್ಮ ಗುಂಡಿಗೆ ಕಾಜಾ ಹೊಲಿಯುತ್ತಿದ್ದರು. ಅಳತೆ ಟೇಪನ್ನು ಕೊರಳಿಗೆ ಸುತ್ತಿಕೊಂಡಿದ್ದರು, ಚುಕ್ಕಿ ಕಾಣದ ಹಾಗೆ. ನನ್ನನ್ನು ನೋಡಿ, "ಬನ್ನಿ ಮಾಸ್ಟರೇ. ಇನ್ನೇನು ವಕ್ರ ಕಾಣ್ತಿದೆ ಹೇಳಿ" ಎಂದರು.

ನಾನು ಹೇಳಿದೆ: "ಅಮ್ಮಾ, ನಾನು ಅಂದ ನೋಡಿ ಮಾತಾಡಿದ್ದು. ನಂಗೆ ಗೊತ್ತಿರೋದು ಅದೊಂದೇ. ಯಂತ್ರದ ವಿಷಯ ನಂಗೇನೂ ಗೊತ್ತಿಲ್ಲ. ನಿಮ್ಮ ಚುಕ್ಕಿ ಎಲ್ಲಿರಬೇಕೋ ಅಲ್ಲೇ ಇದೆ ಅಂತ ನನ್ನ ಮಗಳು ಬರೆದಿದಾಳೆ."

ಅವರು ದಾರ ಕಚ್ಚಿ ತುಂಡು ಮಾಡಿ, "ನಿಮ್ಮ ಮಾತು ಕೇಳಿ ಬಿಟ್ಟೆ ಅಂದ್ಕೊಂಡ್ರಾ? ನಂಗೆ ಬಿಡೋಕೆ ಒಂದು ನೆಪ ಬೇಕಿತ್ತು ಮಾಸ್ಟರೇ. ಆ ಯಂತ್ರದ ಮೇಜಿನ ಮೇಲೆ ಒಬ್ಬಳನ್ನೇ ಮಲಗಿಸಿ ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕ್ಕೋತಾರೆ. ಅಷ್ಟು ಹೆದರಿಕೆ ಯಾವತ್ತೂ ಆಗಿಲ್ಲ ನಂಗೆ. ನೀವು ನೆಪ ಕೊಟ್ರಿ, ಗಪ್ಪಂತ ಹಿಡ್ಕೊಂಡೆ" ಎಂದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅವರೇ ಮುಂದುವರಿಸಿದರು. "ಹುಂಜದ ಸಿಸ್ಟರ್ ಇದ್ರೆ ಬರ್ತೀನಿ. ಅವಳು ಬಾಗಿಲ ತನಕ ಕೈ ಹಿಡ್ಕೊಂಡು ಬರ್ತಾಳೆ. ಆಚೆಯಿಂದ ಮೈಕಿನಲ್ಲಿ ಮಾತಾಡ್ತಾ ಇರ್ತಾಳೆ. ಅವಳು ಇರ್ತಾಳಾ?"

ಸ್ಟೋರಿಗೆ ಹಾಕಿದ್ದಾರೆ ಎಂದು ನಾನು ಹೇಳಲಿಲ್ಲ. "ಇರ್ತಾಳೆ" ಎಂದೆ. ಸೋಮವಾರ ಬರುತ್ತಾರೆ. ಇರುವುದು ಹೇಗೆ ಎಂದು ನೀನು ನೋಡಿಕೋ. ನಾನು ಕೆಡಿಸಿದ್ದರಲ್ಲಿ ನನ್ನ ಕೈಲಾದಷ್ಟು ಸರಿಮಾಡಿದ್ದೇನೆ, ಉಳಿದದ್ದು ನನ್ನ ಕೈಗೆ ಎಟುಕುವುದಿಲ್ಲ.

ಅಪ್ಪ

ಗುಳ್ಳೆ ಎದ್ದಿದ್ದರೆ ಒಡೆಯಬೇಡ. ಬಿಸಿಲಿಗೆ ಒಡ್ಡಬೇಡ. ನಿನಗೆ ಗೊತ್ತಿರುತ್ತದೆ, ಆದರೂ ಬರೆದೆ.


ಮೇ 8

ಅಪ್ಪಾ,

ಒಂದು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಟೈಲರಮ್ಮ ನಿಜವಾಗಿಯೂ ಬಂದರು. ಬೆಂಚಿನಲ್ಲಿ ಕೂತು, "ಹುಂಜದ ಸಿಸ್ಟರ್ ಬರೋ ತನಕ ಏಳಲ್ಲ" ಎಂದರಂತೆ. ಮೇಟ್ರನ್ ಬಂದು ಅಮ್ಮಾ ತಾಯೀ ಎಂದರು. ಡಾಕ್ಟರು ಬಂದು ಹೆದರಿಸಿದರು. ಅವರು ಕೈಚೀಲದಿಂದ ಸೂಜಿದಾರ ತೆಗೆದು ಯಾವುದೋ ಚಡ್ಡಿಗೆ ಗುಂಡಿ ಹಚ್ಚುತ್ತಾ ಕೂತರಂತೆ. ಕೊನೆಗೆ ಮೇಟ್ರನ್ ಸ್ಟೋರಿಗೆ ಬಂದರು. ಕಪಾಟುಗಳ ನಡುವೆ ನಿಂತು, ನನ್ನ ಮುಖ ನೋಡದೆ, "ಹತ್ತು ನಿಮಿಷ ಹೋಗಿ ಬಾ. ಮುಗಿದ ತಕ್ಷಣ ವಾಪಸ್ ಬರಬೇಕು" ಎಂದರು.

ಅವತ್ತಿನಿಂದ ದಿನಾ ಇದೇ. ಬೆಳಗ್ಗೆ ಆಯಾ ಬಂದು ಕರೆಯುತ್ತಾಳೆ. ನಾನು ಹೋಗುತ್ತೇನೆ, ಟೈಲರಮ್ಮನ ಕೈ ಹಿಡಿದು ಮೇಜಿನವರೆಗೆ ಬಿಡುತ್ತೇನೆ, ಆಚೆಯಿಂದ ಮೈಕಿನಲ್ಲಿ ಅವರ ಗಿರಾಕಿಗಳ ಬಗ್ಗೆ ಕೇಳುತ್ತೇನೆ. ಮುಗಿದ ಕೂಡಲೇ ದಿಂಬಿನ ಕವರುಗಳ ನಡುವೆ ವಾಪಸ್. ದಾರಿಯಲ್ಲಿ ಬೆಂಚಿನಲ್ಲಿ ಕೂತ ಬೇರೆ ರೋಗಿಗಳು, "ಸಿಸ್ಟರ್, ನಮ್ಮನ್ನೂ ಒಂಚೂರು ನೋಡಿ" ಎಂದು ಸೆರಗು ಹಿಡಿದು ಎಳೆಯುವ ಹಾಗೆ ಕೇಳುತ್ತಾರೆ. ನಿಲ್ಲುವ ಹಾಗಿಲ್ಲ. ಹುಂಜಕ್ಕೆ ಹತ್ತು ನಿಮಿಷದ ಪರ್ಮಿಷನ್! ಒಬ್ಬ ರೋಗಿಯ ಮುಂದೆ ಮರ್ಯಾದೆಯ ಕೈ, ಉಳಿದವರ ಮುಂದೆ ಅಸಹ್ಯದ ಕೈ. ಒಂದೇ ಕೈ, ಒಂದೇ ಕಾರಿಡಾರು. ಇದಕ್ಕಿಂತ ಪೂರ್ತಿ ಹೊರಗೆ ಹಾಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಟೈಲರಮ್ಮ ಲೇಸರ್ ಸುಟ್ಟ ಜಾಗ ನೋಡಿ, ತಮ್ಮ ಕೊರಳ ಚರ್ಮಕ್ಕೆ ಹಚ್ಚಲು ನಾವು ಕೊಟ್ಟ ಮುಲಾಮನ್ನು ಬೆರಳಲ್ಲಿ ತೆಗೆದು ನನ್ನ ಕೈಗೂ ಒಂಚೂರು ಸವರಿದರು.

ನಿನ್ನೆ ಅವರ ಚಿಕಿತ್ಸೆ ಮುಗಿಯಿತು. ನಿನ್ನೆಯೇ ಡೈರೆಕ್ಟರು ಕರೆಸಿದರು. ತುಂಬ ಪ್ರೀತಿಯಿಂದ ಮಾತಾಡಿದರು. "ಒಂದು ಸಲ ಲೇಸರ್ ಮಾಡಿಸಿದೀಯಂತೆ, ಗುಡ್. ಪೂರ್ತಿ ಮಾಡಿಸ್ತೀನಿ ಅಂತ ಬರೆದು ಸಹಿ ಹಾಕು. ನಾಳೆಯಿಂದಲೇ ಇನ್‌ಚಾರ್ಜ್. ನಿನ್ನಂಥ ನರ್ಸ್ ನಮಗೆ ಬೇಕಮ್ಮಾ." ಬೇಕಂತೆ! ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ನಾನು ಸಹಿ ಹಾಕದಿದ್ದರೆ ಜೂನಿಯರನ್ನು ಕೂರಿಸುತ್ತಾರೆ. ಅವಳ ಕೈಮೇಲೆ ಒಂದು ಚುಕ್ಕಿಯೂ ಇಲ್ಲ.

ಈ ಸಲ ನಿನ್ನನ್ನು ಏನೂ ಕೇಳುತ್ತಿಲ್ಲ. ಸುಮ್ಮನೆ ತಿಳಿಸಿದೆ.

ನಿನ್ನ ಮಗಳು


ಮೇ 17

ಮಗಳೇ,

ತೆಗೆಸಿಬಿಡು.

ಎರಡು ಸಲ ಓದಬೇಡ, ಸರಿಯಾಗಿಯೇ ಬರೆದಿದ್ದೇನೆ. ಹಾಕಿದವನು ನಾನು, ನಾನೇ ಹೇಳುತ್ತಿದ್ದೇನೆ. ಆ ಟೈಲರಮ್ಮನ ಮುಂದೆ ಕೂತು ಬಂದ ಮೇಲೆ ನನ್ನ ಜಂಭ ಮುದುರಿಹೋಗಿದೆ. ಆ ಬಾಗಿಲ ಹತ್ತಿರ ನಿಲ್ಲಲು ಒಬ್ಬರು ಬೇಕು, ಅದು ನೀನೇ ಆಗಬೇಕು. ಅಲ್ಲಿಗೆ ಹುಂಜ ಬೇಕಾಗಿಲ್ಲ. ಬೆಂಚಿನಲ್ಲಿ ಕಾಯುವ ಅಷ್ಟು ಜನರಿಗೆ ಹೋಲಿಸಿದರೆ ಒಂದು ಬಾಲ ಏನು ಮಹಾ?

ಅಂಗಡಿಯ ಗೋಡೆಯಿಂದ ಹುಂಜದ ಫೋಟೋ ತೆಗೆದಿಟ್ಟೆ. ನನ್ನ ಮುಖ ನೋಡಿ ಸಹಿ ಹಾಕದೆ ಇರಬೇಡ.

ಅವರ ಮೇಲೆ ಸಿಟ್ಟು ಇದ್ದೇ ಇದೆ. ಅದನ್ನು ನನ್ನ ಹತ್ತಿರ ಬಿಟ್ಟು ನೀನು ಕೆಲಸ ನೋಡು.

ಅಪ್ಪ


ಜೂನ್ 9

ಅಪ್ಪಾ,

ಫೋಟೋ ವಾಪಸ್ ಗೋಡೆಗೆ ಹಾಕು. ಇವತ್ತೇ ಹಾಕು. ಅಮ್ಮನಿಗೆ ಹೇಳಿದ್ದೇನೆ, ಅವಳು ನೋಡಿ ನನಗೆ ತಿಳಿಸುತ್ತಾಳೆ.

ನೀನೂ ಅವರ ಪಾರ್ಟಿ ಸೇರಿದೆಯಾ? ನಿನ್ನ ಕಾಗದ ಓದಿ ನನಗೆ ಬಂದಷ್ಟು ಸಿಟ್ಟು ಡೈರೆಕ್ಟರ ಮೇಲೂ ಬಂದಿರಲಿಲ್ಲ. ನೀನು ಬೈದಿದ್ದರೆ ಸಹಿ ಹಾಕುತ್ತಿದ್ದೆನೋ ಏನೋ. ನೀನು ಸೋತುಬಿಟ್ಟಾಗ ಆಗಲಿಲ್ಲ. ಲೇಸರಿಗೆ ಮೊದಲ ಸಲ ಮಲಗಿದ್ದು ನಿನ್ನ ಮೇಲಿನ ಸಿಟ್ಟಿಗೆ. ಇನ್ನು ಯಾರ ಮೇಲಿನ ಸಿಟ್ಟಿಗೆ ಮಲಗಲಿ?

ತಿಂಗಳ ಕೊನೆಯ ದಿನ ಡೈರೆಕ್ಟರ ಮುಂದೆ ಹೋಗಿ, "ಸರ್, ನಾನು ಸಹಿ ಹಾಕಲ್ಲ. ರಾಜೀನಾಮೆನೂ ಕೊಡಲ್ಲ. ಒಂದು ತಿಂಗಳು ಇದೇ ಕೈ ಹಿಡ್ಕೊಂಡು ನಿಮ್ಮ ರೋಗಿ ಚಿಕಿತ್ಸೆ ಮುಗಿಸ್ಕೊಂಡ್ರು. ಆವಾಗ ಇದನ್ನ ಸುಡಬೇಕು ಅಂತ ಯಾರಿಗೂ ಅನಿಸಲಿಲ್ಲ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ಸ್ಟೋರಿನಲ್ಲೇ ಇರಮ್ಮಾ" ಎಂದರು. ಮರುದಿನ ಜೂನಿಯರ್ ಇನ್‌ಚಾರ್ಜ್ ಆದಳು. ನಾನು ಬೀಗದ ಕೈಗೊಂಚಲು ಕೊಡುವಾಗ ಅವಳು ಅತ್ತಳು. ನಾನು ಅಳಲಿಲ್ಲ. ಒಂಬತ್ತು ವರ್ಷ ನಾನು ಆಸೆಪಟ್ಟ ಕುರ್ಚಿ, ಅಪ್ಪಾ. ಅವಳ ಮುಖ ನೋಡಲು ಆಗದೆ ಬಂದುಬಿಟ್ಟೆ.

ಮೊನ್ನೆ ಬೆಳಗ್ಗೆ ಅವಳು ಸ್ಟೋರಿನ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ಹೊಸ ರೋಗಿ. ಲಾರಿ ಡ್ರೈವರಂತೆ. ಮೀಸೆ ನೋಡಿದ್ರೆ ನಮಗೇ ಹೆದರಿಕೆ ಆಗುತ್ತೆ, ಆದ್ರೆ ಮೇಜು ಕಂಡ್ರೆ ಮಗು ಥರ ನಡುಗ್ತಿದಾರೆ. ಮಲಗಲ್ಲ ಅಂತಾರೆ. ಹತ್ತೇ ಹತ್ತು ನಿಮಿಷ ಬರ್ತೀರಾ?"

"ಬರಲ್ಲ."

"ಅಕ್ಕಾ..."

"ಹತ್ತು ನಿಮಿಷಕ್ಕೆ ಬರಲ್ಲ ಕಣೇ. ಬಂದ್ರೆ ಪೂರ್ತಿ ಡ್ಯೂಟಿಗೆ ಬರ್ತೀನಿ. ಬೆಂಚಿನ ಮೇಲೆ ಕೂತಿರೋ ಎಲ್ಲರ ಹತ್ರನೂ ಬರ್ತೀನಿ. ಬೇಕಾದಾಗ ತೆಗೆದು ಬೇಡದಾಗ ಒಳಗಿಡೋಕೆ ಇದೇನು ದಿಂಬಿನ ಕವರಾ?"

"ಅವರು ಕಾಯ್ತಿದಾರೆ ಅಕ್ಕಾ."

"ಕಾಯಲಿ."

ಆ ಮಾತು ನನ್ನ ಬಾಯಿಂದಲೇ ಬಂತು. ಅವಳು ಹೋದಳು. ನಾನು ಬೆಡ್‌ಶೀಟ್ ಮಡಿಸುತ್ತಾ ಕೂತೆ. ಕಾರಿಡಾರಿನ ಆ ತುದಿಯಿಂದ ಆ ಮನುಷ್ಯ, "ಬಿಡ್ರೀ ನನ್ನ, ಮನೆಗೆ ಹೋಗ್ತೀನಿ" ಎಂದು ಕೂಗುತ್ತಿದ್ದುದು ಕೇಳಿಸುತ್ತಿತ್ತು. ಕೂಗು ಕೇಳಿಯೂ ಏಳದೆ ಕೂರುವುದು ನನ್ನ ಕೆಲಸದಲ್ಲಿ ಇಲ್ಲ. ಒಂದೇ ಶೀಟನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದೆ. ಎದ್ದು ಓಡಬೇಕು ಅನಿಸಿತು. ಎದ್ದು ಹೋದರೆ ನಾಳೆಯೂ ಹತ್ತು ನಿಮಿಷ, ನಾಡಿದ್ದೂ ಹತ್ತು ನಿಮಿಷ, ನಾನು ರಿಟೈರಾಗುವ ತನಕ ಹತ್ತು ನಿಮಿಷ. ಹಲ್ಲು ಕಚ್ಚಿಕೊಂಡು ಕೂತೆ. ನನ್ನ ಮೇಲೇ ನನಗೆ ಅಸಹ್ಯ ಹುಟ್ಟಿತು, ಅಪ್ಪಾ. ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ.

ಅಷ್ಟರಲ್ಲಿ ಅವಳು ಮತ್ತೆ ಬಂದಳು. ಡ್ಯೂಟಿ ಬೋರ್ಡನ್ನು ಗೋಡೆಯಿಂದ ಕಳಚಿ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಿದ್ದಳು, ಅವಳಿಗಿಂತ ಅದೇ ಅಗಲ. ನನ್ನ ಶೀಟುಗಳ ಮೇಲೆ ಧೊಪ್ಪೆಂದು ಇಟ್ಟು, ಬೆಳಗಿನ ಪಾಳಿಯಲ್ಲಿ ಎಲ್ಲರಿಗಿಂತ ಮೇಲೆ ನನ್ನ ಹೆಸರು ಬರೆದಳು. ವಾರವಿಡೀ. ಅವಸರಕ್ಕೆ ಅಕ್ಷರ ಸೊಟ್ಟಗಾಯಿತು.

"ಮೇಟ್ರನ್ ಕೇಳಿದ್ರೆ?" ಎಂದೆ.

"ಇನ್‌ಚಾರ್ಜ್ ನಾನು ತಾನೇ? ಡ್ಯೂಟಿ ಹಾಕೋಳು ನಾನು. ನನ್ನನ್ನ ಕೇಳಲಿ" ಎಂದಳು. ಹೇಳಿದ ಮೇಲೆ ತಾನೇ ಹೆದರಿ ನನ್ನ ಮುಖ ನೋಡಿದಳು.

ಹೋದೆ. ಕೈ ಮೊಣಕೈವರೆಗೆ ತೊಳೆದುಕೊಂಡೆ. ಡ್ರೈವರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನನ್ನ ಕೈ ನೋಡಿದರು. ಕುತ್ತಿಗೆ ಮಾಸಿದೆ, ರೆಕ್ಕೆ ಅರ್ಧ ಇದೆ, ಬಾಲ ಮಾತ್ರ ಹಸಿರು ಹಸಿರು.

"ಏನ್ರೀ ಸಿಸ್ಟರ್, ಹುಂಜದ ಪುಕ್ಕ ಯಾರು ಕಿತ್ತಿದ್ದು?"

"ಇಲ್ಲಿಯವರೇ. ನೀವು ಮಲ್ಕೊಳ್ಳಿ, ಮೈಕಿನಲ್ಲಿ ಪೂರ್ತಿ ಕಥೆ ಹೇಳ್ತೀನಿ."

ಮಲಗಿದರು. ಹೇಳಿದೆ. ನೀನು ಬಂದು ಕೂಗಾಡಿದ್ದೂ ಸೇರಿಸಿ. ಹೊರಗೆ ಬಂದಾಗ ನಾಳೆ ಎಷ್ಟು ಹೊತ್ತಿಗೆ ಬರಬೇಕು ಎಂದು ತಾವೇ ಕೇಳಿದರು.

ಆಮೇಲೆ ನಾನು ಸ್ಟೋರಿಗೆ ಹೋಗಲಿಲ್ಲ. ಬೆಂಚಿನಲ್ಲಿದ್ದ ಮುಂದಿನವರನ್ನು ಕರೆದೆ. ಇವತ್ತಿಗೆ ಮೂರನೆಯ ದಿನ. ಮೇಟ್ರನ್ ಎರಡು ಸಲ ಬಾಗಿಲವರೆಗೆ ಬಂದು, ಬೋರ್ಡ್ ನೋಡಿ, ಜೂನಿಯರಿನ ಮುಖ ನೋಡಿ, ವಾಪಸ್ ಹೋದರು. ಡೈರೆಕ್ಟರ ಕಿವಿಗೆ ಹಾಕಿಯೇ ಇರುತ್ತಾರೆ. ಅವಳ ಹುದ್ದೆಗೂ ಕುತ್ತು ಬರಬಹುದು. ಹಾಗಾದರೆ ಸ್ಟೋರಿನಲ್ಲಿ ಇಬ್ಬರಾಗುತ್ತೇವೆ ಎಂದಳು. ನಿನ್ನೆಯಿಂದ ಅವಳ ಬಾಯಿ ಬಹಳ ಉದ್ದವಾಗಿದೆ.

ಸಿಟ್ಟು ಇಳಿದಿಲ್ಲ ಅಪ್ಪಾ, ಇಳಿಯುವುದೂ ಬೇಡ. ನಾಳೆ ಬೆಳಗ್ಗೆ ಡೈರೆಕ್ಟರು ನಮ್ಮ ವಿಭಾಗಕ್ಕೆ ರೌಂಡ್ಸಿಗೆ ಬರುತ್ತಾರಂತೆ. ಬೋರ್ಡು ಬಾಗಿಲ ಪಕ್ಕದಲ್ಲೇ ಇದೆ, ನಾನು ಬಾಗಿಲಲ್ಲೇ ಇರುತ್ತೇನೆ. ಬರಲಿ.

ಇಂತಿ,
ಹುಂಜ